ಒಂಬತ್ತನೆಯ ಸಾಲು

ಮಸ್ತುರಾಳಿಗೆ ಆ ಶನಿವಾರ ಬೆಳಿಗ್ಗೆ ಏಳೂವರೆಗೇ ಸಿಟ್ಟು ಬಂದಿತ್ತು. ಮಧ್ಯಾಹ್ನ ಗಂಡಿನ ಕಡೆಯವರು ಹೆಣ್ಣು ಕೇಳಲು ಬರುವವರಿದ್ದರು. ಅಂಥ ದಿನ ಸಿಟ್ಟು ಮಾಡಿಕೊಂಡರೆ ಮುಖದ ಕಳೆ ಹೋಗುತ್ತದೆ ಎಂದು ಚಿಕ್ಕಮ್ಮ ಮಾಕ್ ಸು ಮೂರು ಸಲ ಹೇಳಿದಳು. ಮೂರನೆಯ ಸಲಕ್ಕೆ ಸಿಟ್ಟು ಇಮ್ಮಡಿಯಾಯಿತು.

ಮೂಲ ಕಾರಣ ಪಾಕ್ ಲೊಂಗ್. ಅಪ್ಪನ ಅಣ್ಣ, ನಿವೃತ್ತ ಮೇಷ್ಟ್ರು. ಚಾಂಗ್ಕಾಟ್ ಜೆರಿಂಗ್ ಸುತ್ತಮುತ್ತ ಯಾವ ಮನೆಯಲ್ಲಿ ಮದುವೆ ಮಾತುಕತೆ ನಡೆದರೂ ಚಾಪೆಯ ನಡುವೆ ಕೂತು ಪಂತುನ್ ಹೇಳುವವರು ಅವರೇ. ನಾಲ್ಕು ಸಾಲಿನ ಪದ್ಯ. ಮೊದಲೆರಡು ಸಾಲಿನಲ್ಲಿ ಹೊಳೆ, ಹಕ್ಕಿ, ಬಾಳೆಗಿಡ. ಕೊನೆಯೆರಡರಲ್ಲಿ ಆಡಬೇಕಾದ ಮಾತು. ನೇರವಾಗಿ ಆಡಿದರೆ ಹೊಡೆದಾಟಕ್ಕೆ ಹೋಗುವ ಮಾತನ್ನು ಹೀಗೆ ಆಡಿದರೆ ಎರಡೂ ಕಡೆಯವರು ತಲೆದೂಗಿ ಶರಬತ್ತು ಕುಡಿಯುತ್ತಾರೆ.

"ನೋಡು ಮಗಾ, ಹುಡುಗಿ ಏನು ಓದಿದಾಳೆ ಅಂತ ಅವರು ಕೇಳೇ ಕೇಳ್ತಾರೆ," ಎಂದರು ಪಾಕ್ ಲೊಂಗ್, ಸೊಂಕೊಕ್ ಟೋಪಿಯ ಧೂಳು ಕೊಡವುತ್ತ. "ನಾನು ಎಂಜಿನಿಯರಿಂಗ್ ಅಂತೀನಿ. ಅಲ್ಲಿಗೇ ನಿಲ್ಲಿಸ್ತೀನಿ."

"ನಿಲ್ಲಿಸ್ಬೇಡಿ ಪಾಕ್ ಲೊಂಗ್. ಎಂಜಿನಿಯರಿಂಗ್ ಟೆಕ್ನಾಲಜಿ ಅನ್ನಿ."

"ಆ ಬಾಲ ಯಾಕೆ?"

"ಬಾಲ ಅಲ್ಲ, ಅದು ನನ್ನ ಡಿಗ್ರಿ ಹೆಸರು."

"ಪದ್ಯದೊಳಗೆ ಕೂರಲ್ಲಮ್ಮ ಅದು."

"ಪದ್ಯ ಬದಲಾಯಿಸಿ. ಡಿಗ್ರಿ ಬದಲಾಯ್ಸಕ್ಕಾಗಲ್ಲ."

ಪಾಕ್ ಲೊಂಗ್ ತಮ್ಮನ ಕಡೆ ನೋಡಿದರು. ಮಸ್ತುರಾಳ ಅಪ್ಪ, ಅವಳ ಬಾಯಲ್ಲಿ ಅಬಾ, ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ಮೆಕ್ಯಾನಿಕ್ ಆಗಿದ್ದವರು. ಎಂಜಿನ್ ಸದ್ದಿನ ನಡುವೆ ಮಾತಾಡಿ ಪ್ರಯೋಜನವಿಲ್ಲ ಎಂಬುದು ಅವರಿಗೆ ಕೆಲಸಕ್ಕೆ ಸೇರಿದ ಮೊದಲ ವಾರವೇ ತಿಳಿದಿತ್ತು. ನಿವೃತ್ತರಾದ ಮೇಲೂ ಅದೇ ಅಭ್ಯಾಸ ಉಳಿದಿತ್ತು. ಅವರು ಕೊಬ್ಬರಿ ತುರಿಯುವುದನ್ನು ನಿಲ್ಲಿಸಲಿಲ್ಲ.

ಈ ಕಡೆಯ ಮದುವೆಗಳಲ್ಲಿ ಗಂಡಿನವರು ಹೆಣ್ಣಿಗೆ ಕೊಡುವ ಹಂತಾರನ್ ಹಣಕ್ಕೆ ಒಂದು ಏಣಿಯಿದೆ. ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಬಾಯಿಪಾಠ. ಶಾಲೆ ಮುಗಿಸಿದವಳಿಗೆ ಒಂದು ಮೆಟ್ಟಿಲು, ಡಿಪ್ಲೊಮಾದವಳಿಗೆ ಅದರ ಮೇಲಿನದು, ಡಿಗ್ರಿಯವಳಿಗೆ ಇನ್ನೂ ಮೇಲಿನದು. ಧರ್ಮದಲ್ಲಿ ಇದಕ್ಕೆ ಆಧಾರವೇ ಇಲ್ಲವೆಂದು ಯಾರಾದರೊಬ್ಬರು ಶುಕ್ರವಾರ ಮಸೀದಿಯಲ್ಲಿ ಹೇಳುತ್ತಾರೆ. ಶನಿವಾರ ಅವರೇ ಚಾಪೆಯ ಮೇಲೆ ಕೂತು ಹುಡುಗಿ ಎಲ್ಲಿಯತನಕ ಓದಿದ್ದಾಳೆ ಎಂದು ಕೇಳುತ್ತಾರೆ. ಮಸ್ತುರಾಳಿಗೆ ಹಂತಾರನ್ನಿನ ಚಿಂತೆಯಿರಲಿಲ್ಲ. ಅವಳಿಗೆ ಬೇಕಾಗಿದ್ದವನು ಫದ್ಲಿ. ಅವನನ್ನು ಸುಳ್ಳು ಹೇಳಿ ಪಡೆಯುವುದು ಮಾತ್ರ ಬೇಕಿರಲಿಲ್ಲ.

ಇಬ್ಬರೂ ಕಮುಂಟಿಂಗ್‌ನ ಒಂದು ಕೈಗವಸಿನ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿದ್ದರು. ಒಂದೇ ಬಾಯ್ಲರು, ಒಂದೇ ಪಾಳಿ, ತಾಳೆಬೀಜದ ಚಿಪ್ಪು ಉರಿಯುವ ಒಂದೇ ಹೊಗೆ. ಅವನ ಹೆಲ್ಮೆಟ್ ಬಿಳಿ, ಇವಳದು ನೀಲಿ. ಅವನು ಎಂಜಿನಿಯರ್, ಇವಳು ಸಹಾಯಕ ಎಂಜಿನಿಯರ್. ಕಾರ್ಖಾನೆಗೆ ಎರಡು ವರ್ಷ ಮೊದಲೇ ಬಂದಿದ್ದವಳು ಇವಳು, ವಯಸ್ಸಿನಲ್ಲೂ ಎರಡು ವರ್ಷ ದೊಡ್ಡವಳು. ಬಂದ ಹೊಸತರಲ್ಲಿ ಫದ್ಲಿ ಇವಳನ್ನು "ಕಾಕ್ ಮಸ್" ಎಂದು ಅಕ್ಕನ ಮರ್ಯಾದೆ ಕೊಟ್ಟೇ ಕರೆಯುತ್ತಿದ್ದ. ಆ "ಕಾಕ್" ಯಾವಾಗ ಬಿದ್ದುಹೋಯಿತೋ ಇಬ್ಬರೂ ಗಮನಿಸಲಿಲ್ಲ, ಕ್ಯಾಂಟೀನಿನವನು ಗಮನಿಸಿದ್ದ.

ಕಳೆದ ವರ್ಷ ಉಪವಾಸದ ತಿಂಗಳಲ್ಲಿ, ಉದ್ದನೆಯ ಶೆಡ್ಡಿನ ಕೊನೆಯ ತೊಟ್ಟಿಗಳಿಗೆ ಶಾಖ ಸಾಲದೆ ಕೈಗವಸುಗಳು ಅಂಟಂಟಾಗಿ ಬರತೊಡಗಿದವು. ಫದ್ಲಿ ಮೂರು ಹಾಳೆ ಲೆಕ್ಕ ಮಾಡಿ, ಹಬೆಯ ಕೊಳವೆಯೇ ಸಣ್ಣದಾಯಿತು, ಎರಡು ತೊಟ್ಟಿ ಹೆಚ್ಚಿಗೆ ಸೇರಿಸಿದಾಗಲೇ ಬದಲಾಯಿಸಬೇಕಿತ್ತು ಎಂದ. ಮಸ್ತುರಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಸ್ಟೀಮ್ ಟ್ರ್ಯಾಪಿಗೂ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತ ಹೋದಳು. ನೀರು ಮಾತ್ರ ಬಿಟ್ಟು ಹಬೆ ಹಿಡಿಯಬೇಕಾದ ಆ ಪುಟ್ಟ ಡಬ್ಬಿಗಳಲ್ಲಿ ಎರಡು ಬಾಯಿ ತೆರೆದುಕೊಂಡು ಕೂತಿದ್ದವು. ಬದಲಾಯಿಸಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲು ಕೊಳವೆ ಬದಲಾಯಿಸುವವರೆಗೂ ಸರಿಹೋಗಲಿಲ್ಲ. ಅವನ ಲೆಕ್ಕವೂ ಸರಿಯಾಗೇ ಇತ್ತು. ಅವನು "ಯಾಕೆ" ಎಂದು ಕೇಳುವವನು, ಇವಳು "ಎಲ್ಲಿ" ಎಂದು ಕೇಳುವವಳು. ಆ ಸಂಜೆ ಉಪವಾಸ ಬಿಡುವಾಗ ಅವನು ತನ್ನ ಖರ್ಜೂರದ ಪೊಟ್ಟಣವನ್ನು ಇವಳ ಕಡೆ ಸರಿಸಿದ. ಪ್ರೇಮದ ವಿಷಯದಲ್ಲಿ ಬಾಯ್ಲರ್ ಮನೆಯಿಂದ ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು.

ಮಧ್ಯಾಹ್ನದ ಲುಹುರ್ ನಮಾಜು ಮುಗಿದು ಅರ್ಧ ಗಂಟೆಗೆ ಪಾರಿಟ್ ಬುಂಟಾರ್‌ನಿಂದ ಎರಡು ಕಾರು ಬಂದವು. ಮೊದಲನೆಯದರಿಂದ ಫದ್ಲಿಯ ತಾಯಿ ಕಲ್ಸೊಮ್, ಅವರ ಭಾವ ಹಾಜಿ ಸೊಹೈಮಿ, ತಟ್ಟೆ ಹಿಡಿದ ಇಬ್ಬರು ಹೆಂಗಸರು ಇಳಿದರು. ಎರಡನೆಯದರಿಂದ ಯಾರೂ ಇಳಿಯಲಿಲ್ಲ. ಹೆಣ್ಣು ಕೇಳುವಾಗ ಗಂಡು ಹಾಜರಿರುವುದು ಇಂಥ ಮನೆತನಗಳಲ್ಲಿ ಪದ್ಧತಿಯಲ್ಲ. ಹಾಗೆಂದು ದೂರವಿರುವುದೂ ಆಗದ ಮಾತು. ಆದ್ದರಿಂದ ಫದ್ಲಿ ರಂಬುಟಾನ್ ಮರದ ಕೆಳಗೆ ಎ.ಸಿ. ಹಾಕಿಕೊಂಡು ಕಾರೊಳಗೆ ಕೂತ. ಹುಡುಗಿಯೂ ಹಾಜರಿರಬಾರದು, ಆದ್ದರಿಂದ ಮಸ್ತುರಾ ರೇಷ್ಮೆಯ ಬಾಜು ಕುರುಂಗ್ ಉಟ್ಟು ಕೋಣೆಯ ಮಂಚದ ಮೇಲೆ ಕೂತಳು. ಕಿಟಕಿಯಿಂದ ಕಾರು ಕಾಣುತ್ತಿತ್ತು. ಹಲಗೆ ಗೋಡೆಯಾಚೆ ಎಲ್ಲವೂ ಕೇಳುತ್ತಿತ್ತು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು; ಆ ಜಾಗದಲ್ಲಿ ಮಾಕ್ ಸು ಪಕ್ಕದಲ್ಲಿ ಕೂತು ಇವಳ ಮೊಣಕೈ ಹಿಡಿದಿದ್ದಳು, ಬಸ್ಸಿನಲ್ಲಿ ಕಂಬಿ ಹಿಡಿದ ಹಾಗೆ.

ಫೋನು ಮಿಣುಕಿತು. "ಏನಾಗ್ತಿದೆ?" ಎಂದು ಫದ್ಲಿ ಬರೆದಿದ್ದ.

"ಹೊಳೆ, ದೋಣಿ. ಇನ್ನೂ ವಿಷಯಕ್ಕೆ ಬಂದಿಲ್ಲ."

"ಹೊಟ್ಟೆ ಹಸೀತಿದೆ. ರೆಂದಾಂಗ್ ಇದೆಯಾ?"

"ಇದೆ. ಒಳಗೆ ಬಂದೋರಿಗೆ."

ಗೋಡೆಯಾಚೆ ಹಾಜಿ ಸೊಹೈಮಿ ವೀಳ್ಯದೆಲೆಯ ಹಿತ್ತಾಳೆ ಪೆಟ್ಟಿಗೆಯನ್ನು ಮುಂದೆ ಸರಿಸಿದ ಸದ್ದಾಯಿತು. ಅವರ ಗಂಟಲು ಚೆನ್ನಾಗಿತ್ತು.

"ಹೊಳೆಯ ದಂಡೆಗೆ ಕಟ್ಟಿದ ದೋಣಿ,
ಅಲೆಗೆ ತೂಗುತ ನಿಂತಿದೆ ಅಲ್ಲೇ;
ಹೂವೊಂದರಳಿದೆ ಅಂತಾರೆ, ಕಾಣಿ,
ಮುಡಿದವರಿಲ್ಲವೆ ಊರಿನಲ್ಲೇ?"

ಹೂವಿದೆ, ಯಾರೂ ಮುಡಿದಿಲ್ಲ ಎಂದು ಪಾಕ್ ಲೊಂಗ್ ಒಂದು ಮೈನಾ ಹಕ್ಕಿಯನ್ನು ಬೇಲಿಯ ಮೇಲೆ ಕೂರಿಸಿ ಉತ್ತರ ಕೊಟ್ಟರು. ಹೂವಿನ ಪರಿಮಳ ಎಂಥದು ಎಂದು ಹಾಜಿಯವರು ಕೇಳಿದರು; ಓದು ಎಂಥದು ಎಂದರ್ಥ. ಪಾಕ್ ಲೊಂಗ್ ಉಸಿರೆಳೆದುಕೊಂಡು, ಎಂಜಿನಿಯರಿಂಗ್ ಟೆಕ್ನಾಲಜಿಯನ್ನು ಹೇಗೋ ಮಡಿಸಿ ಮೂರನೆಯ ಸಾಲಿಗೆ ತುರುಕಿದರು. ಪದ್ಯ ಕುಂಟಿತು, ಮಾತು ಕುಂಟಲಿಲ್ಲ. ಮಸ್ತುರಾಳಿಗೆ ದೊಡ್ಡಪ್ಪನ ಮೇಲಿದ್ದ ಸಿಟ್ಟು ಅಷ್ಟರಮಟ್ಟಿಗೆ ಇಳಿಯಿತು.

ಆಮೇಲೆ ಹಾಜಿಯವರು, ಇದಕ್ಕೆಂದೇ ಮೊದಲೇ ಮಾಡಿಟ್ಟುಕೊಂಡು ಬಂದಿದ್ದರೆನ್ನುವಂತೆ ಹೇಳಿದರು:

"ಕಡಲಿಗೆ ಬೀಸಿದ ಬಲೆಯಲಿ ಮೀನು,
ಬುಟ್ಟಿಗೆ ಬಂದವು ದೊಡ್ಡವು ಎಂಟು;
ಬಂಗಾರ ಅಂದಿರಿ, ಒಪ್ಪುವೆ ನಾನು,
ಹಿತ್ತಾಳೆ ಬೆರೆತರೆ ಬೇರೆಯೇ ಗಂಟು."

"ಆಹಾ!" ಎಂದರು ಪಾಕ್ ಲೊಂಗ್.

ಮಸ್ತುರಾ ಮಂಚದಿಂದ ಎದ್ದಳು. ಮಾಕ್ ಸು ಎಳೆದು ಕೂರಿಸಿದಳು.

"ಆಹಾ ಅಂದ್ರಲ್ಲ ಮಾಕ್ ಸು! ನನ್ನ ಹಿತ್ತಾಳೆ ಅಂದ್ರೆ ಆಹಾ ಅಂತಾರಲ್ಲ!"

"ಪ್ರಾಸಕ್ಕೆ ಅಂದಿದ್ದು ಕಣೆ. ಅವರಿಗೆ ಪ್ರಾಸ ಸಿಕ್ಕಿದ್ರೆ ಮುಗೀತು, ಮನೇನೂ ಬರ್ಕೊಡ್ತಾರೆ. ಮೆತ್ತಗೆ ಮಾತಾಡು, ಕೇಳಿಸತ್ತೆ."

"ಕೇಳಿಸ್ಲಿ."

ಹಾಜಿಯವರು ಈಗ ಪದ್ಯ ಬಿಟ್ಟು ಗದ್ಯಕ್ಕೆ ಇಳಿದಿದ್ದರು. "ತಪ್ಪು ತಿಳ್ಕೋಬೇಡಿ ಪಾಕ್ ಲೊಂಗ್. ನಮ್ಮ ಕಲ್ಸೊಮ್ ಊರಿಗೆಲ್ಲ ಸೊಸೆ ಎಂಜಿನಿಯರ್ ಅಂತ ಹೇಳ್ಬಿಟ್ಟಿದಾರೆ. ಆಮೇಲೆ ನನ್ನ ಸ್ವಂತ ಮಗ, ಅವನೂ ಎಂಜಿನಿಯರ್, ಮಂಡಳಿ ಸದಸ್ಯ, ಅವನು ಹೇಳ್ದ: ಅಪ್ಪಾ, ಅದು ಬೇರೆ, ಇದು ಬೇರೆ. ಎಂಜಿನಿಯರುಗಳ ಮಂಡಳಿಗೆ ಆ ಹುಡುಗಿ ಬರಲ್ಲ, ತಂತ್ರಜ್ಞರ ಮಂಡಳೀನೇ ಬೇರೆ. ಹೆಸರಿನ ಹಿಂದೆ ಹಾಕ್ಕೊಳ್ಳೋ ಅಕ್ಷರಾನೂ ಬೇರೆ. ನಾಳೆ ಮದುವೆ ಕಾರ್ಡಲ್ಲಿ ಏನಂತ ಅಚ್ಚು ಹಾಕಿಸೋಣ ಹೇಳಿ?"

"ಹೆಸರು ಹಾಕ್ಸಿದ್ರೆ ಸಾಕಲ್ವಾ?" ಎಂದರು ಅಬಾ. ಅವತ್ತು ಅವರು ಆಡಿದ ಮೊದಲ ಮಾತು. ಅದು ಅಪ್ಪನ ದನಿಯೆಂದು ತಿಳಿಯಲು ಮಸ್ತುರಾಳಿಗೇ ಒಂದು ಕ್ಷಣ ಬೇಕಾಯಿತು.

"ಸಾಕು, ಸಾಕು. ಆದ್ರೆ ಏಣಿ ಇದೆಯಲ್ಲ. ಡಿಗ್ರಿ ಅಂತ ಹಿಡಿಯೋದೋ, ಡಿಪ್ಲೊಮಾ ಅಂತ ಹಿಡಿಯೋದೋ? ಡಿಪ್ಲೊಮಾ ಮೇಲೊಂದು ಅರ್ಧ ಅನ್ನೋಣ್ವೋ? ನಮಗೂ ಗೊಂದಲ. ಅದಕ್ಕೇ ಬರೆಸ್ಕೊಂಡೇ ಬಂದಿದೀನಿ. ಎರಡಕ್ಕೂ ಇರೋ ವ್ಯತ್ಯಾಸ ಪೂರ್ತಿ ಇದೆ ಇದರಲ್ಲಿ." ಕಾಗದ ಬಿಚ್ಚಿದ ಸದ್ದು. ಕನ್ನಡಕದ ಡಬ್ಬಿಯ ಸದ್ದು.

ಹಾಜಿಯವರು ಓದತೊಡಗಿದರು. ಓದು ಶುರುವಾಗಿ ಎರಡು ಸಾಲಾಗುವಷ್ಟರಲ್ಲಿ ಮಸ್ತುರಾ ಮಾಕ್ ಸುವಿನ ಕೈಯನ್ನು ತಾನೇ ಬಿಗಿಯಾಗಿ ಹಿಡಿದುಕೊಂಡಳು.

"ಒಂದು: ಎರಡೂ ನಾಲ್ಕು ವರ್ಷದ ಓದೇ. ಎರಡು: ಮೊದಲನೆಯದರಲ್ಲಿ ಗಣಿತ ಬಾವಿಯಂತೆ, ಆಳಕ್ಕೆ ಇಳಿಯುತ್ತಲೇ ಇರಬೇಕು, ಎರಡನೆಯದರಲ್ಲಿ ಕೊಳಾಯಿಯಂತೆ, ಕೆಲಸಕ್ಕೆ ಬೇಕಾದಷ್ಟು ಬಿಡಬೇಕು. ಮೂರು: ಅಲ್ಲಿ ಪಾಠ ಮುಗಿದ ಮೇಲೆ ಪ್ರಯೋಗಶಾಲೆ, ಇಲ್ಲಿ ಪ್ರಯೋಗಶಾಲೆಯಲ್ಲೇ ಅರ್ಧ ಪಾಠ..."

ಬಾವಿ ಅವಳದು. ಕೊಳಾಯಿಯೂ ಅವಳದೇ. ಮಾರ್ಚಿನಲ್ಲಿ ಕಾರ್ಖಾನೆಗೆ ಹೆಣ್ಣುಮಕ್ಕಳ ಶಾಲೆಯಿಂದ ಎರಡು ಬಸ್ಸು ಮಕ್ಕಳು ಬಂದಿದ್ದಾಗ, ಯಾವ ಓದು ಆರಿಸಿಕೊಳ್ಳಬೇಕೆಂದು ತಿಳಿಯಲಿ ಎಂದು ಅವಳು ಎರಡು ರಾತ್ರಿ ಕೂತು ಒಂದು ಪಟ್ಟಿ ಮಾಡಿದ್ದಳು. ತನಗೆ ಹದಿನೆಂಟರಲ್ಲಿ ಯಾರೂ ಹೇಳಿರದಿದ್ದನ್ನೆಲ್ಲ ಅದರಲ್ಲಿ ಹಾಕಿದ್ದಳು. ಎರಡು ಕಂಬ, ಮೊದಲನೆಯದು ಎಂಜಿನಿಯರಿಂಗ್, ಎರಡನೆಯದು ಎಂಜಿನಿಯರಿಂಗ್ ಟೆಕ್ನಾಲಜಿ; ಒಂಬತ್ತು ಸಾಲು. ಏನನ್ನೂ ಮುಚ್ಚಿಟ್ಟಿರಲಿಲ್ಲ: ವಿನ್ಯಾಸಕ್ಕೆ ಸಹಿ ಹಾಕುವ ಅಧಿಕಾರ ಮೊದಲನೆಯವರದು, ಸಂಬಳವೂ ಆರಂಭದಲ್ಲಿ ಅಲ್ಲಿ ಹೆಚ್ಚು, ಕೆಲವು ಸರ್ಕಾರಿ ಹುದ್ದೆಗಳ ಬಾಗಿಲು ಎರಡನೆಯವರಿಗೆ ತೆರೆಯದು. ಪಟ್ಟಿಯನ್ನು ಮೊದಲು ನೋಡಿ, ಎರಡು ಕಡೆ ಕಾಗುಣಿತ ತಿದ್ದಿಕೊಟ್ಟವನು ಫದ್ಲಿ.

ಹಾಜಿಯವರು ಎಂಟನೆಯದಕ್ಕೆ ಬಂದರು. ಎಂಟರವರೆಗೂ ಒಂದಕ್ಷರ ಬದಲಾಗಿರಲಿಲ್ಲ. ಅವಳ ಒಂಬತ್ತನೆಯ ಸಾಲು ಹೀಗಿತ್ತು: ಒಂದರಲ್ಲಿ ಮಿಕ್ಕಿದ್ದು ಇನ್ನೊಂದಲ್ಲ, ನಿನ್ನ ಕೈಗೂ ತಲೆಗೂ ಯಾವುದು ಹಿತವೋ ನೋಡಿ ಆರಿಸಿಕೋ.

"ಒಂಬತ್ತು," ಎಂದರು ಹಾಜಿಯವರು, ದನಿ ಏರಿಸಿ. "ಮೊದಲನೆಯವರು ಹೇಳುವವರು; ಎರಡನೆಯವರು ಹೇಳಿದಂತೆ ಮಾಡುವವರು."

"ಸ್ಪಷ್ಟವಾಗಿದೆ," ಎಂದರು ಪಾಕ್ ಲೊಂಗ್, ಮೇಷ್ಟ್ರ ಅಭ್ಯಾಸದಿಂದ. ಒಳ್ಳೆಯ ವಾಕ್ಯರಚನೆ ಎಲ್ಲಿ ಕಂಡರೂ ಅವರಿಗೆ ಅಂಕ ಕೊಡಬೇಕು.

ಮಸ್ತುರಾ ಫೋನು ತೆಗೆದು ಬರೆಯಲು ಹೋದಳು. ಒಂದು ಪದ ಬರೆದು ಅಳಿಸಿದಳು. ಫೋನನ್ನು ಹಾಸಿಗೆಯ ಮೇಲೆ ಎಸೆದು ಎದ್ದಳು.

"ಎಲ್ಲಿಗೇ?" ಮಾಕ್ ಸು ಪಿಸುಗುಟ್ಟಿದಳು. "ಹುಡುಗಿ ಹೊರಗೆ ಬರೋ ಹಾಗಿಲ್ಲ. ಉಂಗುರ ತೊಡಿಸೋಕೆ ಅವರೇ ಒಳಗೆ ಬರ್ತಾರೆ."

"ಹಿತ್ತಲ ಬಾಗಿಲಿಂದ ಹೋಗ್ತೀನಿ. ಯಾರೂ ನೋಡಲ್ಲ."

"ಕಾಲಿಗೆ ಏನಾದ್ರೂ ಹಾಕ್ಕೊಂಡಾದ್ರೂ ಹೋಗು!"

ಅವಳು ಅಡಿಗೆಮನೆಯ ಬಾಗಿಲಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಹೊರಟಳು. ಮೀನಂಗಡಿಗೆ ಹೋಗುವಾಗ ಅಬಾ ಹಾಕುವ ರಬ್ಬರ್ ಬೂಟು ಅದು. ರೇಷ್ಮೆಯ ಕೆಳಗೆ ಮೊಣಕಾಲಿನವರೆಗೆ ಕರಿ ಬೂಟು ತೊಟ್ಟು, ಕೋಳಿಗೂಡಿನ ಪಕ್ಕದಿಂದ, ಬಾಳೆಯ ಬುಡದಿಂದ, ರಂಬುಟಾನ್ ಮರದ ತನಕ ಅವಳು ನಡೆದು ಬಂದದ್ದನ್ನು ಫದ್ಲಿ ಕಾರೊಳಗಿಂದ ನೋಡಿ ನಕ್ಕ. ಹತ್ತಿರ ಬಂದಾಗ ಮುಖ ಕಂಡು ನಗು ನಿಲ್ಲಿಸಿದ. ಗಾಜು ಇಳಿಸಿದ.

"ಮಸ್, ನೀನು ಹೊರಗೆ ಬರ್ಬಾರ್ದಲ್ವಾ?"

"ಒಂಬತ್ತನೇ ಸಾಲು ಯಾರು ಬರೆದಿದ್ದು?"

ಅವನು ಎ.ಸಿ. ಆರಿಸಿದ. ಸಮಯ ಬೇಕಾದಾಗ ಯಾವುದಾದರೊಂದು ಸ್ವಿಚ್ಚು ಮುಟ್ಟುವುದು ಅವನ ರೂಢಿ.

"ಓದಿಬಿಟ್ರಾ? ಅಮ್ಮನಿಗೆ ಅಂತ ಕೊಟ್ಟಿದ್ದು ಅದು. ಚಾಪೆ ಮೇಲೆ ಓದ್ತಾರೆ ಅಂತ ನನಗೇನು ಗೊತ್ತು."

"ಯಾರು ಬರೆದಿದ್ದು ಅಂತ ಕೇಳ್ದೆ."

"ನಾನೇ. ಕೇಳು ಮಸ್, ಮನೇಲಿ ಎರಡು ವಾರದಿಂದ ರಂಪ. ಆ ಹುಡುಗಿ ಎಂಜಿನಿಯರೇ ಅಲ್ಲ, ನಿನಗೆ ಮೋಸ ಮಾಡಿದಾಳೆ ಅಂತ ಅಮ್ಮ ಅನ್ನ ಬಿಟ್ಟು ಕೂತ್ಬಿಟ್ಲು. ಮೋಸ ಇಲ್ಲಮ್ಮ, ಅವಳೇ ಎಷ್ಟು ನೇರವಾಗಿ ಬರೆದಿದಾಳೆ ನೋಡು ಅಂತ ನಿನ್ನ ಪಟ್ಟೀನೇ ತೋರಿಸ್ದೆ. ನಿನ್ನ ಪರವಾಗೇ ತೋರಿಸಿದ್ದು!"

"ಎಂಟು ಸಾಲು ನನ್ನ ಪರವಾಗಿ. ಒಂಬತ್ತನೇದು?"

"ಅಮ್ಮನಿಗೆ ಒಂದು ಸಮಾಧಾನ ಬೇಕಿತ್ತು. ಹೇಗೂ ಮಗನ ಕೈ ಮೇಲಿರತ್ತೆ ಅಂದ್ರೆ ಒಪ್ಕೋತಾಳೆ ಅಂತ... ಒಪ್ಕೊಂಡ್ಲಲ್ಲ! ಅದಕ್ಕೇ ತಾನೆ ಇವತ್ತು ಬಂದಿದ್ದು? ಒಂದು ಸಾಲು ಮಸ್. ಮದುವೆ ಆದ್ಮೇಲೆ ಆ ಕಾಗದ ಯಾರು ನೋಡ್ತಾರೆ?"

"ನನ್ನ ಸಾಲು ಅಳಿಸಿ ಬರೆದೆ."

"ಜಾಗ ಇರಲಿಲ್ಲ. ಒಂದೇ ಪುಟದಲ್ಲಿ ಹಿಡಿಸ್ಬೇಕಿತ್ತು."

ಒಂದು ರಂಬುಟಾನ್ ಕಾಯಿ ಕಾರಿನ ಮೇಲೆ ಬಿದ್ದು ಉರುಳಿತು. ಮಸ್ತುರಾ ಕಾರಿನ ಬಾಗಿಲ ಮೇಲೆ ಎರಡೂ ಕೈಯಿಟ್ಟು ಬಗ್ಗಿದಳು. ಅವಳ ದನಿ ತಗ್ಗಿತ್ತು. ಬಾಯ್ಲರ್ ಮನೆಯವರಿಗೆ ಗೊತ್ತು: ಅವಳ ದನಿ ತಗ್ಗಿದರೆ ಎಲ್ಲೋ ಒತ್ತಡ ಏರಿದೆ ಎಂದರ್ಥ.

"ಅಮ್ಮನ ವಿಷಯ ಬಿಡು. ನೀನು ಅದನ್ನ ನಂಬ್ತೀಯಾ?"

ಇಲ್ಲ ಎಂದುಬಿಟ್ಟಿದ್ದರೆ ಸಾಕಿತ್ತು. ಸುಳ್ಳಾದರೂ ಸರಿ, ಥಟ್ಟನೆ ಅಂದಿದ್ದರೆ ಅವಳು ಬೈದು, ಅತ್ತು, ಬೂಟು ಸದ್ದು ಮಾಡುತ್ತ ಒಳಗೆ ಹೋಗಿ ಉಂಗುರ ತೊಡಿಸಿಕೊಳ್ಳುತ್ತಿದ್ದಳು. ಆದರೆ ಫದ್ಲಿಗೆ ಯಾವ ಪ್ರಶ್ನೆ ಕೇಳಿದರೂ ನಿಖರ ಉತ್ತರ ಕೊಡುವ ಶಿಸ್ತು ನಾಲ್ಕು ವರ್ಷ ಕಲಿಸಿದ್ದರು.

"ನಿಯಮದ ಪ್ರಕಾರ ನೋಡಿದ್ರೆ," ಎಂದ ಅವನು, "ಸಹಿ ಅಂತೂ ನಂದೇ ಅಲ್ವಾ."

"ಇಳಿ ಕೆಳಗೆ."

"ಮಸ್..."

"ಇಳಿ ಅಂದೆ. ಬರೆದೋನು ನೀನು. ನೀನೇ ಬಂದು ನಮ್ಮಪ್ಪನ ಮುಂದೆ ಓದು."

ಮುಂಬಾಗಿಲಿನಿಂದ ಇಬ್ಬರೂ ಒಳಗೆ ಬಂದಾಗ ಚಾಪೆಯ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ಹಾಜಿ ಸೊಹೈಮಿ ನಲವತ್ತು ವರ್ಷದಲ್ಲಿ ಇಂಥದು ನೋಡಿರಲಿಲ್ಲ. ಕೇಳಲು ಬಂದ ಹೂವು ಬೂಟು ಹಾಕಿಕೊಂಡು ಗಂಡನ್ನು ಅಟ್ಟಿಕೊಂಡು ಬಂದಿತ್ತು. ಬೂಟನ್ನಂತೂ ಅವಳು ಮೆಟ್ಟಿಲ ಬಳಿ ಕಳಚಿ, ಬರಿಗಾಲಲ್ಲಿ ಚಾಪೆಯ ಅಂಚಿಗೆ ಬಂದು ಕಾಲು ಮಡಿಸಿ ಕೂತಳು. ಫದ್ಲಿ ಅವನ ತಾಯಿಯ ಪಕ್ಕ ಕೂತ.

"ಅಬಾ, ನಾನು ಮಾತಾಡ್ಲಾ?"

ಪಾಕ್ ಲೊಂಗ್ ಬಾಯಿ ತೆರೆಯುವ ಮೊದಲೇ ಅಬಾ ಹೇಳಿದರು: "ಅವರು ಮಾತಾಡ್ತಿರೋದು ನಿನ್ನ ವಿಷಯ. ಮಾತಾಡು."

"ಹಾಜಿಯವರೇ, ಆ ಕಾಗದ ಬರೆದೋಳು ನಾನು. ಎಂಟು ಸಾಲು. ಪ್ರತಿ ಸಾಲೂ ನಿಜ. ಅದರಲ್ಲಿ ಒಂದನ್ನೂ ನಾನು ಮುಚ್ಚಿಡಲ್ಲ. ಒಂಬತ್ತನೇದು ನನ್ನದಲ್ಲ. ಬರೆದೋರು ಇಲ್ಲೇ ಇದಾರೆ, ಅವರ ಕೈಲೇ ಓದಿಸಿ."

ಕಾಗದ ಕೈಯಿಂದ ಕೈಗೆ ದಾಟಿ ಫದ್ಲಿಯ ಬಳಿ ಬಂತು. ಅವನು ಅದನ್ನು ಮಡಿಸಲು ಹೋದ.

"ಓದೋ," ಎಂದರು ಕಲ್ಸೊಮ್. ದಪ್ಪ ಬಳೆ ತೊಟ್ಟ, ಒಳ್ಳೆಯ ಮುಖದ ಹೆಂಗಸು. ಮಗನ ಡಿಗ್ರಿ ಪ್ರದಾನದ ಫೋಟೋ ಅವರ ಫೋನಿನ ಮೇಲೆ ಇನ್ನೂ ಇತ್ತು. ಗಂಡ ತೀರಿದ ಮೇಲೆ ಭತ್ತದ ಮಿಲ್ಲಿನಲ್ಲಿ ಮೂಟೆ ಹೊಲಿದು ಓದಿಸಿದ ಮಗ. "ಓದು, ನಾಚಿಕೆ ಯಾಕೆ? ಸತ್ಯ ತಾನೆ ಬರೆದಿರೋದು?"

ಫದ್ಲಿ ಓದಿದ. ಮೊದಲ ಅರ್ಧ ಕೇಳಿಸಿತು. ಎರಡನೆಯ ಅರ್ಧ ಚಾಪೆಗೆ ಮಾತ್ರ ಕೇಳಿಸಿತು.

"ನೀವು ಬಂದ ವರ್ಷ ಬಾಯ್ಲರು ಆರು ದಿನ ನಿಲ್ಲಿಸಿದ್ವಲ್ಲ," ಎಂದಳು ಮಸ್ತುರಾ. "ನಿಮ್ಮ ಮೊದಲನೇ ಶಟ್‌ಡೌನ್. ಯಾವ ವಾಲ್ವು ಮೊದಲು ಮುಚ್ಚಬೇಕು, ಯಾರು ಒಳಗಿಳೀಬೇಕು, ಯಾವಾಗ ಹತ್ತಬೇಕು ಅಂತ ಹೇಳಿದ್ದು ಯಾರು?"

ಅವಳು "ನೀವು" ಎಂದದ್ದನ್ನು ಫದ್ಲಿ ಗಮನಿಸಿದ. "ನೀನು," ಎಂದ.

"ಹೇಳಿದಂತೆ ಮಾಡಿದ್ದು?"

"...ನಾನು."

"ಆಮೇಲೆ ಪೈಪಿನ ಲೆಕ್ಕ ನೀವು ಹೇಳಿದ್ರಿ, ನಾನು ಮಾಡ್ದೆ. ನನಗೇನೂ ಅವಮಾನ ಆಗ್ಲಿಲ್ಲ. ಗೊತ್ತಿರೋರು ಹೇಳ್ತಾರೆ, ಇಲ್ಲದೋರು ಕೇಳ್ತಾರೆ. ಬಾಯ್ಲರು ಯಾರ ಸರ್ಟಿಫಿಕೇಟೂ ನೋಡಲ್ಲ, ಸಿಡಿಯೋದಾದ್ರೆ ಇಬ್ಬರ ಮೇಲೂ ಸಿಡಿಯತ್ತೆ."

"ಅದು ಫ್ಯಾಕ್ಟರಿ ಮಾತಮ್ಮಾ," ಎಂದರು ಕಲ್ಸೊಮ್, ಮಗುವಿಗೆ ಬಿಡಿಸಿ ಹೇಳುವಂತೆ. ದನಿಯಲ್ಲಿ ವಿಷವಿರಲಿಲ್ಲ, ಅದೇ ಹೆಚ್ಚು ಉರಿಸಿತು. "ಫ್ಯಾಕ್ಟರೀಲಿ ನೀನು ನೂರು ಜನಕ್ಕೆ ಹೇಳು, ನಮಗೇನು? ನಾನು ಮನೆ ಮಾತು ಆಡ್ತಿರೋದು. ನನ್ನ ಮಗ ಅಷ್ಟು ದೊಡ್ಡ ಓದು ಓದಿ, ಮನೇಲಿ ಹೆಂಡ್ತಿ ಹೇಳಿದ್ದು ಕೇಳ್ಕೊಂಡು ಕೂರ್ಬಾರ್ದು. ನಿನ್ನ ಓದು ಒಂದು ಕೈ ಕಮ್ಮೀನೇ ಅಂತ ಗೊತ್ತಾದಾಗ, ನಿಜ ಹೇಳ್ತೀನಿ, ಮೊದಲು ಅತ್ತುಬಿಟ್ಟೆ. ಆಮೇಲೆ ಒಳ್ಳೇದೇ ಆಯ್ತು ಅನ್ನಿಸ್ತು."

ಕೋಣೆಯ ಬಾಗಿಲ ಸಂದಿಯಿಂದ ಮಾಕ್ ಸು "ಅಯ್ಯೋ" ಎಂದದ್ದು ಎಲ್ಲರಿಗೂ ಕೇಳಿಸಿತು.

ಮಸ್ತುರಾ ಫದ್ಲಿಯ ಕಡೆ ನೋಡಿದಳು. ಕಲ್ಸೊಮ್‌ಗೆ ಉತ್ತರ ಕೊಡಬೇಕಾದವನು ಅವನು. ಒಂದು ಮಾತು, ಅರ್ಧ ಮಾತು, "ಅಮ್ಮಾ, ಸಾಕು" ಎನ್ನುವಷ್ಟು. ಅವನು ಚಾಪೆಯ ಹೆಣಿಗೆಯಲ್ಲಿ ಕೆಂಪು ಎಳೆ ಎಷ್ಟಕ್ಕೊಮ್ಮೆ ಬರುತ್ತದೆ ಎಂದು ನೋಡುತ್ತಿದ್ದ. ಅವನಿಗೆ ಅದು ತಿಳಿಯುವವರೆಗೂ ಅವಳು ಕಾದಳು.

"ನನ್ನ ಉತ್ತರ ಆಗಲ್ಲ ಅಂತ," ಎಂದಳು.

"ಹಾಗೆಲ್ಲ ಹೇಳೋ ಹಾಗಿಲ್ಲ!" ಹಾಜಿಯವರಿಗೆ ನಿಜಕ್ಕೂ ಗಾಬರಿಯಾಯಿತು. "ಒಲ್ಲೆ ಅನ್ನೋದಾದ್ರೆ ಹುಡುಗಿ ಕಡೆಯೋರು ವಾರ ಬಿಟ್ಟು ಹೇಳಿಕಳಿಸೋದು ಪದ್ಧತಿ. ಅದೂ ಹಿರಿಯರ ಬಾಯಿಂದ."

"ವಾರ ಬಿಟ್ರೂ ಇದೇ. ನಿಮಗೆ ಪೆಟ್ರೋಲು ದಂಡ."

"ಸಿಟ್ಟು ಮಾಡ್ಕೋಬೇಡಮ್ಮಾ." ಹಾಜಿಯವರು ಮುಂದಕ್ಕೆ ಬಾಗಿ, ಸಂತೆಯಲ್ಲಿ ಕೊನೆಯ ಮಾತು ಆಡುವವರಂತೆ ಅಂಗೈ ಬಿಡಿಸಿದರು. "ಆಯ್ತು, ಜಗಳ ಯಾಕೆ? ಪೂರ್ತಿ ಡಿಗ್ರಿ ಅಂತಲೇ ಹಿಡಿಯೋಣ ಬಿಡು. ಅರ್ಧವೂ ಬೇಡ, ಮುಕ್ಕಾಲೂ ಬೇಡ."

ಈವರೆಗೆ ತಗ್ಗಿದ್ದ ದನಿ ಆಗ ಏರಿತು. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯವರಿಗೆ ಇನ್ನು ಕಿವಿ ಚುರುಕು ಮಾಡಿಕೊಳ್ಳುವ ಕಷ್ಟವಿರಲಿಲ್ಲ.

"ನೀವು ಯಾರ್ರೀ ಹಿಡಿಯೋಕೆ? ನಾಲ್ಕು ವರ್ಷ ಓದಿದ್ದು ನಾನು, ಪರೀಕ್ಷೆ ಬರೆದಿದ್ದು ನಾನು. ಅದು ನಿಮ್ಮ ದಯದಿಂದ ಪೂರ್ತಿ ಆಗಲ್ಲ, ನಿಮ್ಮ ಮಗ ಹೇಳ್ದ ಅಂತ ಅರ್ಧವೂ ಆಗಲ್ಲ. ನಾನು ಎಂಜಿನಿಯರ್ ಅಲ್ಲ. ತಂತ್ರಜ್ಞೆ. ಬೆಳಿಗ್ಗೆಯಿಂದ ಅದನ್ನೇ ಹೇಳಿ ಅಂತ ನಮ್ಮ ಮನೇಲೇ ಜಗಳ ಆಡಿದೀನಿ. ನನಗೆ ಅದರಲ್ಲಿ ಕಮ್ಮಿ ಏನೂ ಕಾಣ್ಲಿಲ್ಲ. ಕಮ್ಮಿ ಕಂಡಿದ್ದು ಇವರಿಗೆ." ಫದ್ಲಿಯ ಕಡೆ ಅವಳು ಕೈ ಕೂಡ ಮಾಡಲಿಲ್ಲ. "ಮೂರು ವರ್ಷ ಪಕ್ಕದಲ್ಲಿ ನಿಂತು ಕೆಲಸ ಮಾಡಿ ಕಂಡಿದ್ದು ಅದು."

ಫದ್ಲಿ ತಲೆಯೆತ್ತಿದ. "ನಿನ್ನ ಮೂಲ ಸಾಲು ಏನಿತ್ತು ಅಂತ ನಾನು ಈಗಲೇ ಎಲ್ಲರಿಗೂ ಹೇಳ್ತೀನಿ ಮಸ್."

"ಬೇಡ. ಅದು ಕೇಳಿ ತಿಳ್ಕೊಳ್ಳೋ ಮಕ್ಕಳಿಗೆ ಬರೆದಿದ್ದು."

ಆಮೇಲೆ ಯಾರೂ ಕೂರುವಂತಿರಲಿಲ್ಲ. ತಂದ ತಟ್ಟೆಗಳನ್ನು ಇಬ್ಬರು ಹೆಂಗಸರು ಮುಚ್ಚಿದ ಹಾಗೇ ಎತ್ತಿಕೊಂಡರು. ಹಾಜಿಯವರು ಅಬಾನ ಕೈ ಹಿಡಿದು ಕ್ಷಮೆ ಕೇಳಿದರು, ಅಬಾನೂ ಕೇಳಿದರು, ಇಬ್ಬರಲ್ಲಿ ಯಾರಿಗೂ ಯಾವುದಕ್ಕೆಂದು ಹೇಳಲು ಬರುತ್ತಿರಲಿಲ್ಲ. ಕಲ್ಸೊಮ್ ಅಳುತ್ತಿದ್ದರು. ಮಸ್ತುರಾ ಬಗ್ಗಿ ಅವರ ಕೈಗೆ ಮುತ್ತಿಟ್ಟಳು, ಹಿರಿಯರಿಗೆ ಇಡಬೇಕಾದಂತೆ. ಸಿಟ್ಟು ಒಂದು ತೊಟ್ಟೂ ಇಳಿದಿರಲಿಲ್ಲ.

ಫದ್ಲಿ ಮೆಟ್ಟಿಲ ಬಳಿ ಹಿಂದೆ ಉಳಿದ. ಶೂ ಹಾಕಿಕೊಳ್ಳಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಸೋಮವಾರ ಹೇಗೆ?" ಎಂದ, ತಲೆ ಬಗ್ಗಿಸಿಕೊಂಡೇ.

"ಏನು ಹೇಗೆ? ಎಂಟಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ. ನಾನು ಆರಕ್ಕೇ ಬಂದು ಬಾಯ್ಲರ್ ಮುಚ್ಚಳ ತೆಗೆಸಿರ್ತೀನಿ. ಗೋಡೆ ದಪ್ಪದ ಲೆಕ್ಕ ನೀವು ತನ್ನಿ, ಸಹಿ ಹಾಕಿ."

"ನೀವು, ನೀವು ಅನ್ಬೇಡ ಮಸ್."

"ಲೆಕ್ಕ ಮರೀಬೇಡಿ. ಹೋದ ಸಲ ಎರಡನೇ ಪುಟ ಮನೇಲೇ ಬಿಟ್ಟು ಬಂದಿದ್ರಿ."

ಕಾರುಗಳು ತಿರುಗಿ ಹೋದವು. ಒಳಗೆ ಮಾಕ್ ಸು, ಇಪ್ಪತ್ತು ಜನಕ್ಕೆ ಮಾಡಿದ ರೆಂದಾಂಗನ್ನು ನೋಡುತ್ತ, ಯಾರನ್ನೋ ಬೈಯುತ್ತಿದ್ದಳು; ಯಾರನ್ನೆಂದು ಅವಳಿಗೂ ನಿರ್ಧಾರವಾಗಿರಲಿಲ್ಲ. ಅಬಾ ಒಂದು ತಟ್ಟೆಗೆ ಹಳದಿ ಅನ್ನ ಹಾಕಿ, ಮೇಲೆ ಮಾಂಸ ಹಾಕಿ, ಮಗಳ ಮುಂದಿಟ್ಟರು. ಅವಳು ಉಣ್ಣತೊಡಗಿದಳು. ಪ್ರತಿ ತುತ್ತನ್ನೂ ಅದು ತನಗೇನೋ ಅಂದಿದೆ ಎಂಬಂತೆ ಅಗಿದಳು.

ಪಾಕ್ ಲೊಂಗ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಅವರ ಬಳಿ ಇನ್ನೂ ಮೂರು ಪದ್ಯ ಉಳಿದಿದ್ದವು. ಒಂದರಲ್ಲಿ ಮಾವಿನ ಮರ ಬಹಳ ಚೆನ್ನಾಗಿ ಬಂದಿತ್ತು.

"ಒಂದು ವಾರ ತಡೆದಿದ್ರೆ," ಎಂದರು, "ನಾನು ಅಲ್ಲಿ ಇಲ್ಲಿ ಮಾತಾಡಿ ಹೇಗೋ ಹೊಂದಿಸಿಬಿಡ್ತಿದ್ದೆ ಮಗಾ."

"ಗೊತ್ತು ಪಾಕ್ ಲೊಂಗ್," ಎಂದಳು ಮಸ್ತುರಾ, ಬಾಯಲ್ಲಿ ಅನ್ನವಿದ್ದಂತೆಯೇ. "ಅದಕ್ಕೇ ತಡೀಲಿಲ್ಲ."